ಸರ್ಕಾರಿ ಪ್ರಯೋಗಾಲಯಕ್ಕೆ ಬಿಎಸ್ಸಿ ಇಂಟರ್ನ್ ಬಂದಾಗ: ಮಾರ್ಗದರ್ಶಕ ಅಧಿಕಾರಿಗೊಂದು ಸಮಗ್ರ ಕೈಪಿಡಿ

ಸೆಮಿಸ್ಟರ್ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಕಾಲೇಜುಗಳಿಂದ ಪತ್ರಗಳು ಬರತೊಡಗುತ್ತವೆ: 'ನಮ್ಮ ಬಿಎಸ್ಸಿ ವಿದ್ಯಾರ್ಥಿಗಳಿಗೆ ತಮ್ಮ ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶ ಕಲ್ಪಿಸಿಕೊಡಬೇಕೆಂದು ಕೋರಿಕೆ.' ಪತ್ರದ ಮೂಲೆಯಲ್ಲಿ ಮೇಲಧಿಕಾರಿ 'ಸೂಕ್ತ ಕ್ರಮಕ್ಕಾಗಿ' ಎಂದು ಷರಾ ಬರೆದು ನಿಮ್ಮ ಮೇಜಿಗೆ ಕಳುಹಿಸುತ್ತಾರೆ. ಮುಂದೇನಾಗುತ್ತದೆ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಎರಡು ದಿನ ಉಪಕರಣಗಳನ್ನು ತೋರಿಸುವುದು, ಆಮೇಲೆ ಹಳೆಯ ರಿಜಿಸ್ಟರುಗಳನ್ನು ಎಕ್ಸೆಲ್‌ಗೆ ಏರಿಸಲು ಕೂರಿಸುವುದು, ಕೊನೆಯ ದಿನ ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೊ.

ಅದಕ್ಕಿಂತ ಚೆನ್ನಾಗಿ ಮಾಡಬಹುದು, ಅದಕ್ಕೆ ಹೆಚ್ಚು ಹಣವೇನೂ ಬೇಕಿಲ್ಲ. ಈ ಕೈಪಿಡಿಯ ಗುರಿ ಒಂದೇ: ಇಂಟರ್ನ್ ಹೊರಡುವಾಗ ತಾನೇ ಅಳೆದ ಒಂದು ಸಂಖ್ಯೆಯನ್ನು ಯಾರ ಮುಂದೆ ನಿಂತಾದರೂ ಸಮರ್ಥಿಸಿಕೊಳ್ಳುವಂತಿರಬೇಕು. ಮಾದರಿ ಎಲ್ಲಿಂದ ಬಂತು, ಹೇಗೆ ಅಳೆದೆ, ಎಷ್ಟು ನಂಬಬಹುದು, ಯಾಕೆ ಎಂದು ಹೇಳಲು ಬರಬೇಕು. ಉದಾಹರಣೆಗೆ ಅಂತರ್ಜಲದ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವನ್ನು ತೆಗೆದುಕೊಂಡಿದ್ದೇನೆ. ಮಣ್ಣು ಪರೀಕ್ಷೆ, ಬೀಜ ಪರೀಕ್ಷೆ, ಆಹಾರ ಪರೀಕ್ಷೆಯ ಪ್ರಯೋಗಾಲಯದವರು ಹೆಸರುಗಳನ್ನು ಬದಲಿಸಿಕೊಂಡರೆ ಹೆಚ್ಚಿನದೆಲ್ಲ ಅಲ್ಲಿಗೂ ಹೊಂದುತ್ತದೆ.

ಹಂತ 1: ಮೊದಲು ಕಡತ, ಆಮೇಲೆ ಕಲಿಕೆ

ಇಂಟರ್ನ್ ಬರುವುದಕ್ಕೆ ಒಂದೂವರೆ ತಿಂಗಳು ಮುಂಚೆ ಕಡತ ಮಂಡಿಸಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಯಾರನ್ನೂ ಪ್ರಯೋಗಾಲಯದೊಳಗೆ ಬಿಡಬೇಡಿ. ಕಚೇರಿ ಆದೇಶದಲ್ಲಿ ಇರಲೇಬೇಕಾದವು: ವಿದ್ಯಾರ್ಥಿಗಳ ಹೆಸರು ಮತ್ತು ಕಾಲೇಜು, ಅವಧಿ, ಮಾರ್ಗದರ್ಶಕ ಅಧಿಕಾರಿ, ಅವರು ಇಲ್ಲದಾಗ ನೋಡಿಕೊಳ್ಳುವ ಎರಡನೆಯ ಅಧಿಕಾರಿ, ಪ್ರಯೋಗಾಲಯ ಪ್ರವೇಶಕ್ಕೆ ಅನುಮತಿ, ಕ್ಷೇತ್ರಕಾರ್ಯಕ್ಕೆ ಇಲಾಖೆಯ ವಾಹನದಲ್ಲಿ ಕರೆದೊಯ್ಯಲು ಅನುಮತಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ನೌಕರರಲ್ಲದವರನ್ನು ಸರ್ಕಾರಿ ಜೀಪಿನಲ್ಲಿ ಕೂರಿಸಿಕೊಂಡು ಹೋದಾಗ ದಾರಿಯಲ್ಲಿ ಏನಾದರೂ ಆದರೆ ಚಾಲಕನಿಂದ ಹಿಡಿದು ನಿಮ್ಮವರೆಗೆ ಎಲ್ಲರೂ ಉತ್ತರ ಕೊಡಬೇಕಾಗುತ್ತದೆ. ಲಾಗ್‌ಬುಕ್‌ನಲ್ಲಿ ಅವರ ಹೆಸರುಗಳೂ ಇರಲಿ. ಭತ್ಯೆ ಕೊಡಲು ಅವಕಾಶವಿಲ್ಲದಿದ್ದರೆ ಅದನ್ನು ಮೊದಲ ಪತ್ರದಲ್ಲೇ ಕಾಲೇಜಿಗೆ ತಿಳಿಸಿ. ಪಾವಗಡದಿಂದಲೋ ಮಾಲೂರಿನಿಂದಲೋ ದಿನಾ ಬಸ್ಸಿನಲ್ಲಿ ಬರುವ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಅಧಿಕಾರಿ ಯಾಕೆ ಬೇಕೆಂದರೆ, ಸರ್ಕಾರಿ ವಿಜ್ಞಾನಿಯ ದಿನಚರಿ ಅವನ ಕೈಯಲ್ಲಿರುವುದಿಲ್ಲ. ಚುನಾವಣಾ ಕರ್ತವ್ಯದ ಆದೇಶ ಬಂದರೆ ಹೊರಡಲೇಬೇಕು. ಅಧಿವೇಶನ ನಡೆಯುತ್ತಿದ್ದಾಗ ಶಾಸಕರ ಪ್ರಶ್ನೆಯೊಂದು ಬಂದರೆ ಮಧ್ಯಾಹ್ನದೊಳಗೆ ಜಿಲ್ಲಾವಾರು ಅಂಕಿಅಂಶ ಕೊಡಬೇಕು, ಅಂದು ಇಡೀ ಕಚೇರಿ ಬೇರೆಲ್ಲ ಕೆಲಸ ಬಿಟ್ಟು ಅದಕ್ಕೇ ಕೂರುತ್ತದೆ. ಮಾರ್ಚ್ ತಿಂಗಳಲ್ಲಂತೂ ಇಂಟರ್ನ್‌ಗಳನ್ನು ತೆಗೆದುಕೊಳ್ಳಲೇಬೇಡಿ, ಆರ್ಥಿಕ ವರ್ಷದ ಕೊನೆಯ ಬಿಲ್ಲುಗಳ ನಡುವೆ ಅವರ ಮುಖ ನೋಡಲೂ ಸಮಯ ಸಿಗುವುದಿಲ್ಲ.

ರಾಸಾಯನಿಕಗಳ ದಾಸ್ತಾನನ್ನೂ ಈಗಲೇ ನೋಡಿಕೊಳ್ಳಿ. ಗಡಸುತನದ ಅಳತೆಗೆ ಬೇಕಾದ ಇಡಿಟಿಎ, ಕ್ಲೋರೈಡ್ ಅಳತೆಗೆ ಸಿಲ್ವರ್ ನೈಟ್ರೇಟ್, ಫ್ಲೋರೈಡ್ ಅಳತೆಗೆ ಟಿಸ್ಯಾಬ್ ಬಫರ್ ಖಾಲಿಯಾಗಿದ್ದರೆ ಖರೀದಿ ಪ್ರಕ್ರಿಯೆ ಮುಗಿಯುವಷ್ಟರಲ್ಲಿ ಇಂಟರ್ನ್‌ಶಿಪ್ಪೂ ಮುಗಿದಿರುತ್ತದೆ.

ಇನ್ನೊಂದು ಕಾನೂನಿನ ವಿಷಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ, ಅವರಿಗೆ ಸಂಬಳ ಇರಲಿ ಇಲ್ಲದಿರಲಿ. ನಿಮ್ಮ ಕಚೇರಿಯ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಅವರನ್ನು ಹೇಗೆ ಸಂಪರ್ಕಿಸಬೇಕು ಎಂಬುದನ್ನು ಮೊದಲ ದಿನವೇ ಬರೆದು ಕೈಗೆ ಕೊಡಿ. ನೋಟಿಸ್ ಬೋರ್ಡಿನಲ್ಲಿದೆ ಎಂದು ಸುಮ್ಮನಾಗಬೇಡಿ.

ಹಂತ 2: ಇಪ್ಪತ್ತು ದಿನಕ್ಕೆ ಹೊಂದುವ ಪ್ರಶ್ನೆ

ಇಡೀ ಇಂಟರ್ನ್‌ಶಿಪ್‌ನ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಯುಜಿಸಿಯ 2024ರ ಮಾರ್ಗಸೂಚಿಯಲ್ಲಿ ಮೂರು ವರ್ಷದ ಪದವಿಗೆ 2ರಿಂದ 4 ಕ್ರೆಡಿಟ್, ಅಂದರೆ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಹೇಳಲಾಗಿದೆ. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ 120 ಗಂಟೆ ಎಂದರೆ 20 ದಿನ. ಈ ಇಪ್ಪತ್ತು ದಿನವನ್ನು ಮೊದಲೇ ಹಂಚಿಕೊಳ್ಳಿ: ನಾಲ್ಕು ದಿನ ಕೈ ಪಳಗಿಸಲು, ಮೂರು ದಿನ ಕ್ಷೇತ್ರಕ್ಕೆ, ಏಳು ದಿನ ವಿಶ್ಲೇಷಣೆಗೆ, ಮೂರು ದಿನ ಲೆಕ್ಕ ಮತ್ತು ನಕ್ಷೆಗೆ, ಮೂರು ದಿನ ಬರವಣಿಗೆಗೆ. ಹೀಗೆ ಹಂಚಿದ ಕೂಡಲೇ 'ತಾಲ್ಲೂಕಿನ ಅಂತರ್ಜಲ ಗುಣಮಟ್ಟದ ಸಮಗ್ರ ಅಧ್ಯಯನ' ಎಂಬ ಶೀರ್ಷಿಕೆ ತಾನಾಗಿಯೇ ಉದುರಿಹೋಗುತ್ತದೆ. ಕಾಲೇಜಿನ ವರದಿಗಳಲ್ಲಿ ಈ 'ಸಮಗ್ರ ಅಧ್ಯಯನ'ದ ಹಾವಳಿ ವಿಪರೀತ. ಅದರಲ್ಲಿ ಸಮಗ್ರವಾಗಿರುವುದು ಸಾಮಾನ್ಯವಾಗಿ ಇತರರಿಂದ ಎತ್ತಿಕೊಂಡ ಪೀಠಿಕೆ ಮಾತ್ರ.

ಒಳ್ಳೆಯ ಪ್ರಶ್ನೆಯನ್ನು ಹೀಗೆ ಪರೀಕ್ಷಿಸಿ: ಉತ್ತರ 'ಹೌದು' ಎಂದು ಬಂದರೂ 'ಇಲ್ಲ' ಎಂದು ಬಂದರೂ ನಿಮ್ಮ ಪ್ರಯೋಗಾಲಯಕ್ಕೆ ಅದರಿಂದ ಉಪಯೋಗವಿರಬೇಕು. ನಾನು ಹೆಚ್ಚಾಗಿ ಶಿಫಾರಸು ಮಾಡುವ ಪ್ರಶ್ನೆ ಇದು: ಕೈಪಂಪನ್ನು ಒತ್ತಿದ ಕೂಡಲೇ ಹಿಡಿದ ನೀರಿಗೂ, ಸ್ವಲ್ಪ ಹೊತ್ತು ಹರಿಯಬಿಟ್ಟು ಹಿಡಿದ ನೀರಿಗೂ ಫಲಿತಾಂಶದಲ್ಲಿ ಎಷ್ಟು ವ್ಯತ್ಯಾಸವಿದೆ?

ಕೊಳವೆಯಲ್ಲಿ ನಿಂತ ನೀರು ಗಾಳಿಗೆ ತೆರೆದುಕೊಂಡಿರುತ್ತದೆ, ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರಬಹುದು. ಹಳೆಯ ಕಬ್ಬಿಣದ ಪೈಪಿನ ತುಕ್ಕು ಮೊದಲ ಬಿಂದಿಗೆಯಲ್ಲಿ ಇಳಿದುಬರುತ್ತದೆ. ಆದ್ದರಿಂದ ಕಬ್ಬಿಣದ ಅಂಶ ಎರಡು ಮಾದರಿಗಳ ನಡುವೆ ಬಹಳ ಬದಲಾಗಬಹುದು. ಫ್ಲೋರೈಡ್ ಬಹುಶಃ ಹೆಚ್ಚು ಬದಲಾಗುವುದಿಲ್ಲ. ಬದಲಾಗದಿದ್ದರೆ ಅದೂ ಒಂದು ಉತ್ತರವೇ: ಅವಸರದಲ್ಲಿ ಹಿಡಿದ ಹಳೆಯ ಮಾದರಿಗಳ ಫ್ಲೋರೈಡ್ ಅಂಕಿಗಳನ್ನು ಅಷ್ಟರಮಟ್ಟಿಗೆ ನಂಬಬಹುದು ಎಂದಾಯಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂಥ ಗಟ್ಟಿ ಶಿಲೆಯ ಜಿಲ್ಲೆಗಳಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ, ಇಲ್ಲಿ ಈ ಉತ್ತರಕ್ಕೆ ಬೆಲೆಯಿದೆ.

ವಾಹನ ಸಿಗದ ಕಚೇರಿಗೆ ಇನ್ನೊಂದು ಪ್ರಶ್ನೆ: ಒಂದೇ ಮಾದರಿಯ ಫ್ಲೋರೈಡನ್ನು ಎಲೆಕ್ಟ್ರೋಡಿನಿಂದಲೂ ಸ್ಪ್ಯಾಡ್ನ್ಸ್ ಬಣ್ಣದ ವಿಧಾನದಿಂದಲೂ ಅಳೆದರೆ ಉತ್ತರಗಳು ಎಷ್ಟು ಹೊಂದುತ್ತವೆ? ಸ್ಪ್ಯಾಡ್ನ್ಸ್ ವಿಧಾನದ ಅಳತೆಯ ವ್ಯಾಪ್ತಿ ಲೀಟರಿಗೆ ಸುಮಾರು 1.4 ಮಿಲಿಗ್ರಾಂಗೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚಿರುವ ಮಾದರಿಯನ್ನು ತೆಳು ಮಾಡಿ ಅಳೆಯಬೇಕು, ಆಮೇಲೆ ಅಷ್ಟೇ ಪಟ್ಟು ಗುಣಿಸಬೇಕು. ಗುಣಿಸುವುದನ್ನು ಮರೆತ ವಿದ್ಯಾರ್ಥಿಯನ್ನು ಎರಡು ವಿಧಾನಗಳ ನಡುವಿನ ವ್ಯತ್ಯಾಸವೇ ಎಚ್ಚರಿಸುತ್ತದೆ, ನೀವು ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ ಒಪ್ಪಿದ ಮೇಲೆ ಬಾಟಲಿಗಳ ಲೆಕ್ಕವನ್ನು ಇಂಟರ್ನ್‌ಗಳೇ ಮಾಡಲಿ. 20 ಕೊಳವೆಬಾವಿ, ಪ್ರತಿಯೊಂದರಲ್ಲಿ ಹರಿಯಬಿಡುವ ಮುಂಚೆ ಒಂದು, ಆಮೇಲೆ ಒಂದು ಮಾದರಿ, ಪ್ರತಿ ಮಾದರಿಗೆ ಎರಡು ಬಾಟಲಿ: ಕಬ್ಬಿಣಕ್ಕಾಗಿ ನೈಟ್ರಿಕ್ ಆಮ್ಲ ಬೆರೆಸಿದ್ದೊಂದು, ಉಳಿದವಕ್ಕೆ ಏನೂ ಬೆರೆಸದ್ದೊಂದು. ಒಟ್ಟು 80. ಹತ್ತರಲ್ಲಿ ಒಂದರಂತೆ ಜೋಡಿ ಮಾದರಿ (ಅದೇ ನೀರನ್ನು ಮತ್ತೊಮ್ಮೆ ಹಿಡಿದದ್ದು), ಪ್ರತಿ ಕ್ಷೇತ್ರದಿನಕ್ಕೊಂದು ಬ್ಲ್ಯಾಂಕ್ (ಬಟ್ಟಿ ಇಳಿಸಿದ ನೀರನ್ನೇ ಮಾದರಿಯಂತೆ ತುಂಬಿದ್ದು), ಇವಕ್ಕೂ ಎರಡೆರಡು ಬಾಟಲಿಯಂತೆ ಸೇರಿಸಿದರೆ 94. ಅಷ್ಟು ಬಾಟಲಿಗಳನ್ನು ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಒಣಗಿಸಬೇಕು ಎಂದು ತಿಳಿದ ಕ್ಷಣದಲ್ಲಿ ಅವರಿಗೆ ಸಂಶೋಧನೆಯ ನಿಜವಾದ ಗಾತ್ರ ಅರ್ಥವಾಗುತ್ತದೆ. ಇಪ್ಪತ್ತು ಬಾವಿ ಬೇಡ, ಹದಿನೈದು ಸಾಕು ಎಂದು ಅವರೇ ಹೇಳಿದರೆ ಒಪ್ಪಿಕೊಳ್ಳಿ. ಆ ವಾದಕ್ಕೆ ಕಾರಣ ಕೊಡಲು ಮಾತ್ರ ಹೇಳಿ.

ಹಂತ 3: ಯಾರನ್ನು, ಎಷ್ಟು ಜನರನ್ನು

ಒಬ್ಬ ಅಧಿಕಾರಿಗೆ ಇಬ್ಬರು, ಹೆಚ್ಚೆಂದರೆ ಮೂವರು. ಹನ್ನೆರಡು ಜನರನ್ನು ಒಪ್ಪಿಕೊಂಡರೆ ಅದು ಶೈಕ್ಷಣಿಕ ಪ್ರವಾಸವಾಗುತ್ತದೆ. ಆಯ್ಕೆಗೆ ಅಂಕಪಟ್ಟಿ ಸಾಲದು. ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಸಿ, ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿದ ಯಾವುದಾದರೂ ಒಂದು ಪ್ರಯೋಗವನ್ನು ವಿವರಿಸಲು ಹೇಳಿ. ಉತ್ತರ ಸರಿ ಬಾರದಿದ್ದಾಗ ಏನು ಮಾಡಿದಿರಿ ಎಂದು ಕೇಳಿ. 'ಪುಸ್ತಕದ ಉತ್ತರವನ್ನೇ ಬರೆದೆವು ಸರ್' ಎಂದು ನಿಜ ಹೇಳುವ ವಿದ್ಯಾರ್ಥಿಯನ್ನು ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ. ಶಿಫಾರಸಿನ ಮೇಲೆ ಬಂದವರೂ ಇರುತ್ತಾರೆ. ಅವರಿಗೂ ಅದೇ ಬಾಟಲಿ, ಅದೇ ಬ್ಯೂರೆಟ್ ಕೊಟ್ಟರೆ ಆಯಿತು.

ಹಂತ 4: ಮೊದಲ ನಾಲ್ಕು ದಿನ

ಮೊದಲ ದಿನದ ಬೆಳಿಗ್ಗೆ ಸುರಕ್ಷತೆ. ಏಪ್ರನ್, ಕನ್ನಡಕ, ಮುಚ್ಚಿದ ಪಾದರಕ್ಷೆ ಇಲ್ಲದೆ ಒಳಗೆ ಬರುವಂತಿಲ್ಲ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಬಾಯಿಂದ ಪಿಪೆಟ್ ಎಳೆಯುವ ಅಭ್ಯಾಸ ಕೆಲವು ಕಾಲೇಜುಗಳಲ್ಲಿ ಇನ್ನೂ ಉಳಿದಿದೆ, ಅದನ್ನು ಅಂದೇ ಬಿಡಿಸಿ. ಕಣ್ಣು ತೊಳೆಯುವ ವ್ಯವಸ್ಥೆ ಎಲ್ಲಿದೆ ಎಂದು ತೋರಿಸುವ ಮುಂಚೆ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೀವೇ ಒಮ್ಮೆ ತಿರುಗಿಸಿ ನೋಡಿ.

ಮಧ್ಯಾಹ್ನ ನೋಟ್‌ಬುಕ್. ಹೊಲಿದ ಪುಸ್ತಕ, ಪುಟಸಂಖ್ಯೆ ಹಾಕಿದ್ದು, ಶಾಯಿಯಲ್ಲಿ ಬರೆದದ್ದು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು, ವೈಟ್ನರ್ ಹಚ್ಚುವಂತಿಲ್ಲ. ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಅಂದದ ಬರಹಕ್ಕೆ ಅಂಕ ಸಿಗುತ್ತಿತ್ತು, ಅದೇ ಅಭ್ಯಾಸದಲ್ಲಿ ಅವರು ಮೊದಲು ಹಾಳೆಯ ಚೂರಿನಲ್ಲಿ ಬರೆದುಕೊಂಡು ಸಂಜೆ ನೀಟಾಗಿ ನಕಲು ಮಾಡುತ್ತಾರೆ. ಆ ಚೂರುಗಳನ್ನು ನೋಡಿದರೆ ಸಿಟ್ಟು ಮಾಡಿಕೊಳ್ಳಬೇಡಿ, ನೋಟ್‌ಬುಕ್‌ಗೆ ಅಂಟಿಸಲು ಹೇಳಿ. ಎರಡು ದಿನದಲ್ಲಿ ನೇರವಾಗಿ ಪುಸ್ತಕದಲ್ಲೇ ಬರೆಯತೊಡಗುತ್ತಾರೆ.

ಮರುದಿನ ಗಡಸುತನದ ಟೈಟ್ರೇಷನ್. ಇದನ್ನು ಎಲ್ಲರೂ ಕಾಲೇಜಿನಲ್ಲಿ ಮಾಡಿರುತ್ತಾರೆ, ಆದ್ದರಿಂದಲೇ ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಒಂದೇ ಕ್ಯಾನಿನ ನೀರನ್ನು ಇಬ್ಬರಿಗೂ ಕೊಡಿ. ತಲಾ 50 ಮಿಲಿಲೀಟರ್ ನೀರು, ಪಿಎಚ್ 10ರ ಬಫರ್, ಬಣ್ಣ ಬದಲಿಸಿ ಕೊನೆಯನ್ನು ತೋರಿಸುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಬ್ಯೂರೆಟ್ಟಿನಲ್ಲಿ 0.01 ಮೋಲಾರ್ ಇಡಿಟಿಎ. ಈ ಪ್ರಮಾಣದಲ್ಲಿ ಬ್ಯೂರೆಟ್ಟಿನ ಅಂಕಿಯನ್ನು 20ರಿಂದ ಗುಣಿಸಿದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಉತ್ತರ ಸಿಗುತ್ತದೆ. ಒಬ್ಬಳಿಗೆ 12.4 ಬಂತು, ಅಂದರೆ 248. ಇನ್ನೊಬ್ಬನಿಗೆ 12.9, ಅಂದರೆ 258. ಯಾರದು ಸರಿ ಎಂದು ಅವರು ನಿಮ್ಮ ಮುಖ ನೋಡುತ್ತಾರೆ. ನೀವು ಹೇಳಬೇಡಿ. ಮತ್ತೆ ಮಾಡಲಿ, ಈ ಸಲ ಜಾಗ ಬದಲಿಸಿಕೊಳ್ಳಲಿ. ಕಿಟಕಿಯ ಪಕ್ಕ ಬಿಳಿ ಟೈಲಿನ ಮೇಲೆ ಫ್ಲಾಸ್ಕ್ ಇಟ್ಟವರಿಗೆ ದ್ರಾಕ್ಷಾರಸದ ಕೆಂಪು ಕೊನೆಯ ಎಳೆಯೂ ಉಳಿಯದೆ ನೀಲಿಯಾಗುವುದು ಕಾಣುತ್ತದೆ. ಹಳದಿ ಬಲ್ಬಿನ ಕೆಳಗೆ ನೀಲಿಯಲ್ಲೂ ಕೆಂಪಿನ ಛಾಯೆ ಕಂಡು ಕೈ ನಿಲ್ಲದೆ ಮುಂದೆ ಹೋಗಿಬಿಡುತ್ತದೆ. ಬ್ಯೂರೆಟ್ಟಿನ ನೀರಿನ ಅಂಚನ್ನು ಕಣ್ಣಿನ ಮಟ್ಟದಲ್ಲಿ ಓದಿದರೇ, ಕೊನೆಯಲ್ಲಿ ಹನಿಹನಿಯಾಗಿ ಬಿಟ್ಟರೇ, ಈ ಪ್ರಶ್ನೆಗಳನ್ನು ಅವರೇ ಪರಸ್ಪರ ಕೇಳಿಕೊಳ್ಳತೊಡಗಿದಾಗ ನಿಮ್ಮ ಅರ್ಧ ಕೆಲಸ ಮುಗಿದಿದೆ.

ಮೂರನೆಯ ದಿನ ಫ್ಲೋರೈಡ್ ಎಲೆಕ್ಟ್ರೋಡ್. ಲೀಟರಿಗೆ 1 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಇರುವ ದ್ರಾವಣಗಳ ನಡುವೆ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. 45 ಬಂದರೆ ಮುಂದೆ ಹೋಗುವಂತಿಲ್ಲ, ಎಲೆಕ್ಟ್ರೋಡನ್ನೋ ದ್ರಾವಣವನ್ನೋ ಅನುಮಾನಿಸಬೇಕು. ನಾಲ್ಕನೆಯ ದಿನ ನಿಮ್ಮ ಪ್ರಯೋಗಾಲಯ ಸಹಾಯಕರಿಂದ ಗುಟ್ಟಾಗಿ ಒಂದು ದ್ರಾವಣ ತಯಾರಿಸಿ ಕೊಡಿ. ಅದರ ಪ್ರಮಾಣ ಇಂಟರ್ನ್‌ಗಳಿಗೆ ಗೊತ್ತಿರಬಾರದು. ಅವರ ಉತ್ತರ ನಿಜಕ್ಕೆ ಶೇಕಡಾ 10ರೊಳಗೆ ಬಂದರೆ ಕ್ಷೇತ್ರಕ್ಕೆ ಹೊರಡಬಹುದು.

ಈ ಸಹಾಯಕರ ಬಗ್ಗೆ ಒಂದು ಮಾತು. ಇಪ್ಪತ್ತು ವರ್ಷ ಬ್ಯೂರೆಟ್ ಹಿಡಿದ ಕೈ ಅವರದು, ಡಿಗ್ರಿ ಇಲ್ಲದಿರಬಹುದು. ವಿದ್ಯಾರ್ಥಿಗಳಿಗೆ ಅವರನ್ನು ಪರಿಚಯಿಸುವಾಗ 'ಏನು ಬೇಕಿದ್ದರೂ ಇವರು ತಂದುಕೊಡುತ್ತಾರೆ' ಎನ್ನಬೇಡಿ, 'ಟೈಟ್ರೇಷನ್ ಕಲಿಸುವವರು ಇವರು' ಎನ್ನಿ. ಅವರೂ ಬೇರೆ ಹುಮ್ಮಸ್ಸಿನಿಂದ ಕಲಿಸುತ್ತಾರೆ.

'ಅರ್ಥವಾಯಿತೇ?' ಎಂದು ಕೇಳುವುದನ್ನು ಬಿಟ್ಟುಬಿಡಿ. ಕೇಳಿದರೆ ಬರುವ ಉತ್ತರ ಯಾವಾಗಲೂ 'ಹೌದು ಸರ್'. ಅದು ಮರ್ಯಾದೆಗೆ ಹೇಳಿದ್ದು, ಅರ್ಥವಾಗಿದ್ದಕ್ಕೆ ಸಾಕ್ಷಿಯಲ್ಲ. 'ಈಗ ಇವರಿಗೆ ನೀವು ಹೇಳಿಕೊಡಿ' ಎಂದು ಪಕ್ಕದವರನ್ನು ತೋರಿಸಿ, ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಮತ್ತೆ ಹೇಳಿ. ಇವೆಲ್ಲ ಕನ್ನಡದಲ್ಲೇ ನಡೆಯಲಿ. ವರದಿಯನ್ನು ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಕೇಳಬಹುದು, ಆದರೆ ಯೋಚನೆಯನ್ನು ಕೇಳಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಲು ಒದ್ದಾಡಿದರೆ ಅವಳಿಗೆ ವಿಷಯ ಗೊತ್ತಿಲ್ಲ ಎಂದು ತೀರ್ಮಾನಿಸುವ ಅಧಿಕಾರಿಗಳನ್ನು ನೋಡಿದ್ದೇನೆ. ಅದು ಸೋಮಾರಿತನ.

ಹಂತ 5: ಕ್ಷೇತ್ರ

ಹೊರಡುವ ಮುನ್ನ ಗ್ರಾಮ ಪಂಚಾಯಿತಿಯ ಪಿಡಿಒಗೆ ಪತ್ರ ಹೋಗಿರಬೇಕು, ಊರಿಗೆ ನೀರು ಬಿಡುವ ನೀರುಗಂಟಿಯ ಫೋನ್ ಸಂಖ್ಯೆ ಕೈಯಲ್ಲಿರಬೇಕು. ಯಾವ ಬಾವಿ ಎಷ್ಟು ಅಡಿ, ಯಾವುದು ಕೆಟ್ಟು ಎಷ್ಟು ದಿನವಾಯಿತು, ಯಾವುದರ ನೀರನ್ನು ಜನ ಕುಡಿಯುತ್ತಾರೆ, ಯಾವುದನ್ನು ದನಕ್ಕೆ ಬಿಡುತ್ತಾರೆ ಎಂಬುದು ಊರಿನಲ್ಲಿ ಅವನಷ್ಟು ಗೊತ್ತಿರುವವರು ಬೇರೆ ಇಲ್ಲ. ಇಂಟರ್ನ್‌ಗಳು ಅವನ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ.

ವಿದ್ಯಾರ್ಥಿನಿಯರು ತಂಡದಲ್ಲಿದ್ದರೆ ಒಬ್ಬಳನ್ನೇ ಕರೆದೊಯ್ಯಬೇಡಿ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಪಂಚಾಯಿತಿ ಕಚೇರಿಯೋ ಸರ್ಕಾರಿ ಶಾಲೆಯೋ ಆದೀತು. ಇದನ್ನು ಅವರು ಕೇಳುವುದಿಲ್ಲ. ಬದಲಿಗೆ ಬೆಳಗಿನಿಂದ ನೀರು ಕುಡಿಯದೆ ಇರುತ್ತಾರೆ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ತಲೆ ಸುತ್ತುತ್ತದೆ. ಕತ್ತಲಾಗುವ ಮುಂಚೆ ಬಸ್ ನಿಲ್ದಾಣಕ್ಕೆ ತಲುಪಿಸುವಂತೆ ದಿನದ ಬಾವಿಗಳ ಸಂಖ್ಯೆ ಇಟ್ಟುಕೊಳ್ಳಿ.

ಮಾದರಿ ಹಿಡಿಯುವ ಕ್ರಮವನ್ನು ಮೊದಲ ಬಾವಿಯಲ್ಲಿ ನೀವು ಮಾಡಿ ತೋರಿಸಿ, ಎರಡನೆಯದರಲ್ಲಿ ಅವರು ಮಾಡಲಿ, ಮೂರನೆಯದರಿಂದ ನೀವು ಮರದ ನೆರಳಿನಲ್ಲಿ ನಿಲ್ಲಿ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಜಾಲಿಸಬೇಕು, ಆದರೆ ಮೊದಲೇ ಆಮ್ಲ ಹಾಕಿಟ್ಟ ಬಾಟಲಿಯನ್ನು ಜಾಲಿಸಬಾರದು. ವಿದ್ಯುತ್ ವಾಹಕತೆ ಮತ್ತು ಪಿಎಚ್ ಸತತ ಮೂರು ಅಳತೆಗಳಲ್ಲಿ ಸ್ಥಿರವಾದ ಮೇಲೆ ಎರಡನೆಯ ಮಾದರಿ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ನೈಟ್ರೇಟ್ ನೋಡಬೇಕಿದ್ದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದು 48 ಗಂಟೆಯೊಳಗೆ ಅಳೆಯಬೇಕು. ಗುರುತಿನ ಸಂಖ್ಯೆಯನ್ನು ಬಾಟಲಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ಈಗ ಈ ಕೈಪಿಡಿಯ ಬಹುಮುಖ್ಯ ಭಾಗ, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ್ದು. ಇಲಾಖೆಯ ಜೀಪಿನಿಂದ ಇಳಿದು ಬಾಟಲಿ ಹಿಡಿದ ಹತ್ತೊಂಬತ್ತು ವರ್ಷದ ಹುಡುಗಿ ಊರಿನವರ ಕಣ್ಣಿಗೆ ವಿದ್ಯಾರ್ಥಿನಿಯಲ್ಲ, ಸರ್ಕಾರ. ಬಿಂದಿಗೆ ಹಿಡಿದು ನಿಂತ ಅಜ್ಜಿ ಕೇಳಿಯೇ ಕೇಳುತ್ತಾರೆ: 'ಏನಮ್ಮಾ, ನಮ್ಮ ಬೋರಿನ ನೀರು ಕುಡಿಯಬಹುದಾ?' ಸಂಕೋಚಕ್ಕೆ ಬಿದ್ದು ಹುಡುಗಿ 'ಚೆನ್ನಾಗಿದೆ ಅಜ್ಜಿ' ಎಂದುಬಿಟ್ಟರೆ ಅದು ಸಂಜೆಯೊಳಗೆ 'ಸರ್ಕಾರದವರು ಚೆನ್ನಾಗಿದೆ ಎಂದರು' ಎಂದಾಗುತ್ತದೆ. 'ಕಾಯಿಸಿ ಕುಡಿಯಿರಿ' ಎಂಬ ಸಲಹೆ ಇನ್ನೂ ಅಪಾಯ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಆದ್ದರಿಂದ ಉತ್ತರವನ್ನು ಮೊದಲೇ ಅಭ್ಯಾಸ ಮಾಡಿಸಿ. 'ಅಜ್ಜಿ, ನೋಡಿದ ಮಾತ್ರಕ್ಕೆ ಹೇಳಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷೆ ಆದ ಮೇಲೆ ನಮ್ಮ ಕಚೇರಿಯಿಂದ ಪಂಚಾಯಿತಿಗೆ ಪತ್ರ ಬರುತ್ತದೆ. ನಮ್ಮ ಅಧಿಕಾರಿಗಳು ಅಲ್ಲಿದ್ದಾರೆ, ಅವರನ್ನು ಕೇಳಿ.' ಇಷ್ಟು ಹೇಳಿಸಿದ ಮೇಲೆ ಆ ಪತ್ರವನ್ನು ಕಳುಹಿಸುವುದು ನಿಮ್ಮ ಹೊಣೆ. ಕಳುಹಿಸುವ ಉದ್ದೇಶ ಕಚೇರಿಗೆ ಇಲ್ಲದಿದ್ದರೆ ಇಂಟರ್ನ್ ಬಾಯಿಂದ ಆ ಮಾತು ಹೇಳಿಸಬೇಡಿ, ಆ ಊರಿಗೆ ಹೋಗಲೂ ಬೇಡಿ.

ಮೊಬೈಲ್ ಫೋಟೊಗಳ ಬಗ್ಗೆಯೂ ಹೊರಡುವ ಮುಂಚೆಯೇ ಸ್ಪಷ್ಟಪಡಿಸಿ. ಬಾವಿಯ ಫೋಟೊ ದಾಖಲೆಗೆ ಬೇಕು. ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಬೇಡ.

ಹಂತ 6: ಅಂಕಿಗಳನ್ನು ಅನುಮಾನಿಸುವುದು

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಒಂದು ಪ್ರತಿ ಅವರ ಮೇಜಿನ ಮೇಲಿರಲಿ. ಫ್ಲೋರೈಡ್‌ಗೆ ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಅನುಮತಿ. ನೈಟ್ರೇಟ್‌ಗೆ 45, ಅಲ್ಲಿ ಸಡಿಲಿಕೆ ಇಲ್ಲ. ಆದರೆ ಅಂಕಿ ಬಂದ ತಕ್ಷಣ ಮಿತಿಯೊಂದಿಗೆ ಹೋಲಿಸಲು ಬಿಡಬೇಡಿ. ಮೊದಲು ಅಂಕಿ ಸರಿಯಿದೆಯೇ ಎಂದು ನೋಡಲಿ.

ಅದಕ್ಕೆ ಅಯಾನು ಸಮತೋಲನ ಬೇಕು: ನೀರಿನಲ್ಲಿ ಧನ ಅಯಾನುಗಳ ಒಟ್ಟು ವಿದ್ಯುದಂಶವೂ ಋಣ ಅಯಾನುಗಳ ಒಟ್ಟು ವಿದ್ಯುದಂಶವೂ ಸಮವಾಗಿರಬೇಕು. ಹರಿಯಬಿಟ್ಟು ಹಿಡಿದ 20 ಮಾದರಿಗಳಿಗೆ ಎಲ್ಲ ಮುಖ್ಯ ಅಯಾನುಗಳನ್ನೂ ಅಳೆಯಿಸಿ. ಒಂದು ಮಾದರಿಯ ಲೆಕ್ಕವನ್ನು ಕಾಗದದ ಮೇಲೆ ಮಾಡಿಸೋಣ. ಲೀಟರಿಗೆ ಮಿಲಿಗ್ರಾಂನಲ್ಲಿ ಕ್ಯಾಲ್ಸಿಯಂ 40, ಮೆಗ್ನೀಸಿಯಂ 36.5, ಸೋಡಿಯಂ 138, ಪೊಟ್ಯಾಸಿಯಂ 3.9. ಪ್ರತಿಯೊಂದನ್ನೂ ಅದರ ತುಲ್ಯಭಾರದಿಂದ (ಅಯಾನಿನ ತೂಕವನ್ನು ಅದರ ವಿದ್ಯುದಂಶದ ಸಂಖ್ಯೆಯಿಂದ ಭಾಗಿಸಿದ್ದು) ಭಾಗಿಸಿದರೆ 2.0, 3.0, 6.0, 0.1 ಮಿಲಿಈಕ್ವಿವಲೆಂಟ್, ಒಟ್ಟು 11.1. ಇತ್ತ ಬೈಕಾರ್ಬೊನೇಟ್ 427, ಕ್ಲೋರೈಡ್ 106.5, ಸಲ್ಫೇಟ್ 48, ನೈಟ್ರೇಟ್ 31, ಫ್ಲೋರೈಡ್ 1.9. ಇವು 7.0, 3.0, 1.0, 0.5, 0.1, ಒಟ್ಟು 11.6. ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಶೇಕಡಾ 2.2 ಕೊರತೆ. ಶೇಕಡಾ 5ರೊಳಗೆ ಇದೆ, ಒಪ್ಪಬಹುದು.

ಇಲ್ಲಿಗೇ ನಿಲ್ಲಿಸಬೇಡಿ. ಕ್ಷಾರತೆಯನ್ನು ಟೈಟ್ರೇಷನ್ನಿನಲ್ಲಿ ಅಳೆದಾಗ ಉತ್ತರ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 350 ಎಂದು ಬರುತ್ತದೆ. ಅದನ್ನು ಬೈಕಾರ್ಬೊನೇಟ್‌ಗೆ ಪರಿವರ್ತಿಸದೆ ಹಾಗೆಯೇ 350 ಎಂದು ಎಕ್ಸೆಲ್‌ನಲ್ಲಿ ತುಂಬಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಸಿ. 61ರಿಂದ ಭಾಗಿಸಿದರೆ 5.74, ಋಣ ಅಯಾನುಗಳ ಒಟ್ಟು 10.34, ದೋಷ ಶೇಕಡಾ 3.5. ಅಂದರೆ ತಪ್ಪು ಅಂಕಿಯೂ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಇದನ್ನು ಕಂಡ ವಿದ್ಯಾರ್ಥಿ ಮುಂದೆಂದೂ 'ದೋಷ ಶೇಕಡಾ 5ರೊಳಗಿದೆ, ಆದ್ದರಿಂದ ಸರಿ' ಎಂದು ಬರೆಯುವುದಿಲ್ಲ. ನೈಟ್ರೇಟ್‌ನಲ್ಲೂ ಇಂಥದ್ದೇ ಬಲೆಯಿದೆ. ಸಾರಜನಕದ ಲೆಕ್ಕದಲ್ಲಿ 10 ಎಂದರೆ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 44. ಉಪಕರಣದ ಪರದೆಯ ಮೇಲೆ ಯಾವುದಿದೆ ಎಂದು ಓದದೆ ಬರೆದುಕೊಂಡರೆ ಮಿತಿಯ ಅಂಚಿನಲ್ಲಿರುವ ಬಾವಿ ಶುದ್ಧ ಬಾವಿಯಾಗಿಬಿಡುತ್ತದೆ.

ನಕ್ಷೆಗೆ ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ ಸಾಕು, ಉಚಿತ. ಅಕ್ಷಾಂಶ ಮತ್ತು ರೇಖಾಂಶ ಅದಲುಬದಲಾದರೆ ಹೆದರಬೇಡಿ, ಕಣ್ಣಿಗೆ ಹೊಡೆಯುವಂತೆ ಗೊತ್ತಾಗುತ್ತದೆ. ಪಾವಗಡದ 14 ಮತ್ತು 77 ತಿರುವುಮುರುವಾದರೆ ಕೊಳವೆಬಾವಿ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಅಂಚಿಗೆ ಹೋಗಿ ಕೂರುತ್ತದೆ. ಗೊತ್ತಾಗದ ತಪ್ಪೆಂದರೆ ಡಿಗ್ರಿ-ನಿಮಿಷಗಳನ್ನು ದಶಮಾಂಶವೆಂದು ಓದುವುದು. 14 ಡಿಗ್ರಿ 30 ನಿಮಿಷವನ್ನು 14.30 ಎಂದು ತುಂಬಿದರೆ ಬಾವಿ 20 ಕಿಲೋಮೀಟರಿಗಿಂತ ಹೆಚ್ಚು ದಕ್ಷಿಣಕ್ಕೆ ಸರಿದು ಇನ್ಯಾವುದೋ ಹೋಬಳಿಯಲ್ಲಿ ತಣ್ಣಗೆ ಕೂತಿರುತ್ತದೆ.

ಹಂತ 7: ಕಚೇರಿಯಿಂದ ಇಂಟರ್ನ್ ಅನ್ನು ಕಾಪಾಡುವುದು

ಓದಿದ ಮಕ್ಕಳು, ಕಂಪ್ಯೂಟರ್ ಬರುತ್ತದೆ, ಸಂಬಳ ಕೊಡಬೇಕಿಲ್ಲ. ಎರಡನೆಯ ವಾರದ ಹೊತ್ತಿಗೆ ಪಕ್ಕದ ಶಾಖೆಯವರು ಬಂದೇ ಬರುತ್ತಾರೆ: 'ನಿಮ್ಮ ಹುಡುಗರನ್ನು ಎರಡು ದಿನ ಕೊಡಿ, ಒಂದು ಪಿಪಿಟಿ ಮಾಡಬೇಕಿತ್ತು.' ನಯವಾಗಿ ಇಲ್ಲವೆನ್ನಿ. ಕೇಳಿದವರು ಮೇಲಧಿಕಾರಿಯಾಗಿದ್ದರೆ 20 ದಿನದ ಹಂಚಿಕೆಯ ಹಾಳೆಯನ್ನು ತೋರಿಸಿ, ಅದನ್ನು ಕಡತದಲ್ಲಿ ಸೇರಿಸಿ ಅನುಮೋದನೆ ಪಡೆದಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಹಳೆಯ ದತ್ತಾಂಶ ತುಂಬುವ ಕೆಲಸ ಪೂರ್ತಿ ನಿಷಿದ್ಧವೇನಲ್ಲ. ಉಪಕರಣ ಕೆಟ್ಟು ರಿಪೇರಿಯವರಿಗಾಗಿ ಕಾಯುವ ದಿನಗಳಿಗೆ ಅದನ್ನು ಮೀಸಲಿಡಿ, ಆದರೆ ಪ್ರಶ್ನೆಯೊಂದನ್ನು ಜೊತೆಗೆ ಕೊಡಿ. ತಾವು ಮಾದರಿ ತಂದ ಹೋಬಳಿಯ ಹಿಂದಿನ ವರ್ಷಗಳ ಫ್ಲೋರೈಡ್ ಅಂಕಿಗಳನ್ನೇ ತುಂಬಲಿ, ಏರಿಳಿತ ನೋಡಲಿ.

ದತ್ತಾಂಶ ಯಾರದು ಎಂಬ ಪ್ರಶ್ನೆಯನ್ನು ಮೊದಲ ವಾರದಲ್ಲೇ ಲಿಖಿತವಾಗಿ ಇತ್ಯರ್ಥಪಡಿಸಿ. ಇಲಾಖೆಯ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ ಎಂಬುದು ನ್ಯಾಯ. ಹಾಗೆಯೇ ಅವರು ಅಳೆದ ಅಂಕಿಗಳು ಇಲಾಖೆಯ ವರದಿಯಲ್ಲಿ ಬಂದರೆ ಅವರ ಹೆಸರೂ ಬರಬೇಕು ಎಂಬುದೂ ನ್ಯಾಯ. ಮೊದಲನೆಯದನ್ನು ಎಲ್ಲರೂ ನೆನಪಿಡುತ್ತಾರೆ.

ವಾರಕ್ಕೊಂದು ಭೇಟಿ, ಅರ್ಧ ಗಂಟೆ, ಫೋನ್ ಪಕ್ಕಕ್ಕಿಟ್ಟು. ಈ ವಾರ ಯಾವ ಅಂಕಿಯ ಮೇಲೆ ಅನುಮಾನ ಬಂತು ಎಂಬ ಒಂದೇ ಪ್ರಶ್ನೆಯಿಂದ ಶುರು ಮಾಡಿ. ತಪ್ಪು ಒಪ್ಪಿಕೊಂಡವರನ್ನು ಗದರಿದರೆ ಮುಂದಿನ ವಾರದಿಂದ ಎಲ್ಲ ಅಂಕಿಗಳೂ ಸುಂದರವಾಗಿರುತ್ತವೆ.

ಹಂತ 8: ಬೀಳ್ಕೊಡುವ ವಾರ

ವರದಿ ಹದಿನೈದು ಪುಟ ಮೀರಬಾರದು. ಬರೆಯುವ ಕ್ರಮವನ್ನು ತಿರುಗಿಸಿ: ಮೊದಲು ಕೋಷ್ಟಕ ಮತ್ತು ನಕ್ಷೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶದ ಚರ್ಚೆ, ಕೊನೆಗೆ ಪೀಠಿಕೆ. ಪೀಠಿಕೆಯಿಂದ ಶುರು ಮಾಡಿದವರು 'ನೀರು ಜೀವಜಲ' ಎಂದು ತೊಡಗಿ ಅಂತರ್ಜಾಲದಿಂದ ಆರು ಪುಟ ತುಂಬಿಸಿರುತ್ತಾರೆ, ಅಷ್ಟರಲ್ಲಿ ಮೂರು ದಿನ ಮುಗಿದಿರುತ್ತದೆ.

ಕೊನೆಯ ದಿನದ ಮಂಡನೆಗೆ ಅಧಿಕಾರಿಗಳ ಜೊತೆ ಪ್ರಯೋಗಾಲಯ ಸಹಾಯಕರು, ಚಾಲಕರು ಎಲ್ಲರನ್ನೂ ಕೂರಿಸಿ. ಹತ್ತು ನಿಮಿಷ ಕನ್ನಡದಲ್ಲಿ ಹೇಳಲಿ, ಇಪ್ಪತ್ತು ನಿಮಿಷ ಪ್ರಶ್ನೆಗೆ ಇರಲಿ. ಒಂದು ಬಾವಿಯ ಒಂದು ಅಂಕಿಯನ್ನು ಆರಿಸಿ, ಅದನ್ನು ಯಾಕೆ ನಂಬಬೇಕು ಎಂದು ಕೇಳಿ. ಬಾಟಲಿಯ ಸಂಖ್ಯೆ, ನೋಟ್‌ಬುಕ್ಕಿನ ಪುಟ, ಜೋಡಿ ಮಾದರಿಯ ಉತ್ತರ, ಬ್ಲ್ಯಾಂಕಿನ ಉತ್ತರ, ಹೀಗೆ ಒಂದೊಂದಾಗಿ ತೆಗೆದು ತೋರಿಸಿದರೆ ಆ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ, ಇಂಗ್ಲಿಷ್ ಹೇಗೇ ಇರಲಿ.

ಪ್ರಮಾಣಪತ್ರದಲ್ಲಿ 'ಯಶಸ್ವಿಯಾಗಿ ಪೂರ್ಣಗೊಳಿಸಿದ್ದಾರೆ' ಎಂಬುದರ ಕೆಳಗೆ ಎರಡು ಸಾಲು ಸೇರಿಸಿ: ಎಷ್ಟು ಬಾವಿಗಳ ಮಾದರಿ, ಯಾವ ಯಾವ ವಿಧಾನ. ಎಂಎಸ್ಸಿ ಪ್ರವೇಶಕ್ಕೋ, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೋ ಶಿಫಾರಸು ಪತ್ರ ಕೇಳಿಕೊಂಡು ಅವರು ಮುಂದೆ ಬರುತ್ತಾರೆ. ಆಗ 'ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿನಿ' ಎಂದು ಬರೆಯುವ ಬದಲು, ಕ್ಷಾರತೆಯ ಪರಿವರ್ತನೆಯ ತಪ್ಪನ್ನು ಅವಳೇ ಹುಡುಕಿದಳು ಎಂದು ಬರೆಯಲು ಬೇಕಾದ ಟಿಪ್ಪಣಿ ನಿಮ್ಮ ಬಳಿ ಇರಬೇಕು. ಅದನ್ನು ಅವರು ಹೊರಡುವ ದಿನವೇ ಅರ್ಧ ಪುಟ ಬರೆದಿಟ್ಟುಕೊಳ್ಳಿ.

ನೋಟ್‌ಬುಕ್ಕಿನ ಮೂಲಪ್ರತಿ ಪ್ರಯೋಗಾಲಯದಲ್ಲಿ ಉಳಿಯಬೇಕು, ನಕಲು ಅವರಿಗೆ. ಉಳಿದ ಮಾದರಿಗಳನ್ನು ವರದಿಗೆ ಸಹಿಯಾಗುವವರೆಗೆ ಚೆಲ್ಲಬೇಡಿ. ಪಂಚಾಯಿತಿಗೆ ಹೋಗಬೇಕಾದ ಫಲಿತಾಂಶದ ಪತ್ರದ ಕರಡನ್ನು ಇಂಟರ್ನ್‌ಗಳಿಂದಲೇ ಸರಳ ಕನ್ನಡದಲ್ಲಿ ಬರೆಸಿ: ಯಾವ ಬಾವಿ, ಎಷ್ಟು ಫ್ಲೋರೈಡ್, ಮಿತಿ ಎಷ್ಟು, ಕುಡಿಯಲು ಬೇಡವಾದರೆ ಬೇರೆ ಯಾವುದಕ್ಕೆ ಬಳಸಬಹುದು. ಅದಕ್ಕೆ ಸಹಿ ಹಾಕಿಸಿ, ರವಾನೆ ಸಂಖ್ಯೆ ಬಿದ್ದ ಮೇಲೆ ಒಂದು ಪ್ರತಿಯನ್ನು ಅವರ ವಾಟ್ಸ್ಆ್ಯಪ್‌ಗೂ ಕಳುಹಿಸಿ.